ಲಾಡ್ಜಿನ ಕರೆ, ಬಲಿಪೀಠದ ಕರೆ

"ನಮ್ಮ ಆಫೀಸಿನ ಹಿರಿಯರೊಬ್ಬರು ಫ್ರೀಮೇಸನ್ ಲಾಡ್ಜಿಗೆ ಸೇರು ಎಂದು ಕರೆಯುತ್ತಿದ್ದಾರೆ. ಅವರು ದೈವಭಕ್ತರು, ದಾನಿಗಳು. ಸೇರಿದರೆ ತಪ್ಪೇನು?" ಕತೋಲಿಕ ಗೃಹಸ್ಥರೊಬ್ಬರ ಪ್ರಶ್ನೆಯಿದು. ಪ್ರಶ್ನೆ ಪ್ರಾಮಾಣಿಕವಾದುದು, ಉತ್ತರವೂ ಹಾಗೆಯೇ ಇರಬೇಕು.

ಇಲ್ಲಿ ಲಾಡ್ಜ್ ಎಂದರೆ ಬಸ್ ನಿಲ್ದಾಣದ ಬಳಿಯ ವಸತಿಗೃಹವಲ್ಲ. ಫ್ರೀಮೇಸನರು ಸಭೆ ಸೇರುವ ಘಟಕ. ಮೇಸನ್ ಎಂದರೆ ಕಲ್ಲುಕುಟಿಗ. ಹಿಂದಿನ ಕಲ್ಲುಕುಟಿಗರ ಸಂಘಗಳ ಸಂಪ್ರದಾಯವನ್ನು ಇವರು ತಮ್ಮದಾಗಿಸಿಕೊಂಡಿದ್ದಾರೆ. ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ 1717ರಲ್ಲಿ ಸ್ಥಾಪನೆಯಾಯಿತೆಂದು ಅವರ ಪರಂಪರೆ ಹೇಳುತ್ತದೆ. ಭಾರತದ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾದದ್ದು 1961ರಲ್ಲಿ.

ಅವರ ಚಿಹ್ನೆಗಳು ಸರಳ. ಮೂಲೆಮಟ್ಟವೆಂದರೆ ನೇರ ನಡತೆ. ಕೈವಾರವೆಂದರೆ ಆಸೆಗಳಿಗೆ ಮಿತಿ. ಒರಟು ಕಲ್ಲು ಉಳಿಪೆಟ್ಟು ತಿಂದು ನಯವಾಗುವಂತೆ ಮನುಷ್ಯನೂ ತಿದ್ದಿಕೊಳ್ಳಬೇಕು. ಸಭೆಯಲ್ಲಿ ಮತ, ರಾಜಕೀಯಗಳ ವಾದಕ್ಕೆ ಅವಕಾಶವಿಲ್ಲ. ಒಬ್ಬರನ್ನೊಬ್ಬರು 'ಬ್ರದರ್' ಎಂದು ಕರೆಯುತ್ತಾರೆ, ಜೊತೆಗೆ ಕುಳಿತು ಉಣ್ಣುತ್ತಾರೆ, ಕಷ್ಟದಲ್ಲಿರುವ ಸದಸ್ಯರ ಕುಟುಂಬಕ್ಕೆ ನೆರವಾಗುತ್ತಾರೆ. ಇದರಲ್ಲಿ ಒಳ್ಳೆಯದಿದೆ, ಇಲ್ಲವೆನ್ನಬಾರದು. ಇವರು ಸೈತಾನನ ಪೂಜಕರೆಂದು ಫ್ರಾನ್ಸಿನ ಲಿಯೋ ಟಾಕ್ಸಿಲ್ ಬರೆದ ಕಥೆಗಳನ್ನು ಅನೇಕ ಕತೋಲಿಕರು ನಂಬಿದ್ದರು. ಎಲ್ಲವೂ ಕಟ್ಟುಕಥೆಯೆಂದು 1897ರಲ್ಲಿ ಅವನೇ ಪ್ಯಾರಿಸ್ಸಿನಲ್ಲಿ ಒಪ್ಪಿಕೊಂಡನು. ಸುಳ್ಳುಸಾಕ್ಷಿ ಯಾರ ವಿರುದ್ಧ ಹೇಳಿದರೂ ಪಾಪವೇ.

ಆದರೂ ಧರ್ಮಸಭೆಯ ಉತ್ತರ 'ಬೇಡ' ಎಂದೇ. ಜಗದ್ಗುರು ಹನ್ನೆರಡನೆಯ ಕ್ಲೆಮೆಂಟರು 1738ರಲ್ಲಿ ಇದನ್ನು ನಿಷೇಧಿಸಿದರು. ಸೇರುವ ಕತೋಲಿಕರು ಗಂಭೀರ ಪಾಪದ ಸ್ಥಿತಿಯಲ್ಲಿರುತ್ತಾರೆ, ಪರಮಪ್ರಸಾದ ಸ್ವೀಕರಿಸುವಂತಿಲ್ಲ ಎಂದು 1983ರ ನವೆಂಬರ್ 26ರ ಘೋಷಣೆ ತಿಳಿಸಿತು. ಫಿಲಿಪ್ಪೀನ್ಸಿನ ಧರ್ಮಾಧ್ಯಕ್ಷರೊಬ್ಬರಿಗೆ 2023ರಲ್ಲಿ ಕೊಟ್ಟ ಉತ್ತರದಲ್ಲಿ ರೋಮ್ ಇದನ್ನೇ ಪುನಃ ದೃಢಪಡಿಸಿತು.

ಕಾರಣವೇನು? ಐರ್ಲೆಂಡಿನ ಕತೋಲಿಕರ ಹಕ್ಕುಗಳಿಗಾಗಿ ಹೋರಾಡಿದ ಡೇನಿಯಲ್ ಓಕಾನೆಲ್ ಒಮ್ಮೆ ಸ್ವತಃ ಮೇಸನ್ ಆಗಿದ್ದರು. ತಾವು ಅದನ್ನು ಬಿಟ್ಟಿರುವುದಾಗಿ 1837ರಲ್ಲಿ ಬಹಿರಂಗವಾಗಿ ಬರೆದರು. ಅವರ ಮುಖ್ಯ ಆಕ್ಷೇಪಣೆ, ಅಲ್ಲಿ ದೇವರ ನಾಮದಲ್ಲಿ ಪ್ರಮಾಣಗಳನ್ನು ಹಗುರವಾಗಿ ಮಾಡುತ್ತಾರೆಂಬುದು. ಪೂರ್ತಿ ತಿಳಿಯದ ವಿಷಯಕ್ಕೆ ಮೊದಲೇ ಮಾತುಕೊಡಲು ಮನಸ್ಸಾಕ್ಷಿ ಒಪ್ಪೀತೇ?

ಎರಡನೆಯದು ಇನ್ನೂ ಆಳವಾದುದು. ಲಾಡ್ಜಿನಲ್ಲಿ ದೇವರು 'ವಿಶ್ವದ ಮಹಾಶಿಲ್ಪಿ'. ಯಾರು ಯಾವ ಅರ್ಥ ತುಂಬಿದರೂ ಸರಿ. ಅನ್ಯಧರ್ಮೀಯರನ್ನು ಗೌರವಿಸಲು ನಮಗೂ ವ್ಯಾಟಿಕನ್ ಮಹಾಸಭೆ ಕಲಿಸಿದೆ. ಆದರೆ ಕ್ರಿಸ್ತರನ್ನು ಬಾಗಿಲ ಹೊರಗೆ ನಿಲ್ಲಿಸಿ ಆತ್ಮದ ಮನೆ ಕಟ್ಟುವುದು ಹೇಗೆ? ನಮ್ಮ ಮೂಲೆಗಲ್ಲು ಅವರೇ. ಕಲ್ಲು ತನ್ನನ್ನು ತಾನೇ ಕೆತ್ತಿಕೊಳ್ಳಲಾರದು. ದೇವರ ಕೃಪೆಯ ಕೈ ಬೇಕು.

ಆ ಗೃಹಸ್ಥರು ಹಿರಿಯರ ಸ್ನೇಹವನ್ನು ಬಿಡಬೇಕಾಗಿಲ್ಲ. ಕಾರಣವನ್ನು ವಿನಯದಿಂದ ತಿಳಿಸಿದರೆ ಸಾಕು. ಆದರೆ 'ಬೇಡ' ಎನ್ನುವುದು ಅರ್ಧ ಉತ್ತರ ಮಾತ್ರ; ಉಳಿದರ್ಧ ಕೊಡಬೇಕಾದವರು ನಾವು. ಅವರು ಎಷ್ಟೋ ವರ್ಷಗಳಿಂದ ನಮ್ಮ ಪಕ್ಕದ ಬೆಂಚಿನಲ್ಲೇ ಕುಳಿತಿರಬಹುದು. ಅವರ ಹೆಸರು ನಮಗೆ ಗೊತ್ತೇ? ಕೆಲಸ ಹೋದ ದಿನ, ಮನೆಯಲ್ಲಿ ಸಾವಾದ ದಿನ, ನಾವು ಅವರ ಬಾಗಿಲು ತಟ್ಟಿದೆವೇ? ಅಲ್ಲಿ 'ಬ್ರದರ್' ಎನ್ನುವವರಿದ್ದಾರೆ. ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುವ ನಾವು ಬಲಿಪೂಜೆ ಮುಗಿದೊಡನೆ ಮುಖ ತಿರುಗಿಸಿ ಹೊರಡುತ್ತೇವೆ.

ನಾವು ಜೀವಂತ ಕಲ್ಲುಗಳೆಂದು ಸಂತ ಪೇತ್ರರು ಬರೆದರು. ಗಾರೆಯಿಲ್ಲದಿದ್ದರೆ ಎಷ್ಟೇ ಕಲ್ಲಿದ್ದರೂ ಅದು ರಾಶಿ, ಗೋಡೆಯಲ್ಲ. ಆ ಗಾರೆ ಪ್ರೀತಿ. ಬರುವ ಭಾನುವಾರ ದೇವಾಲಯದ ಬಾಗಿಲಲ್ಲಿ ಐದು ನಿಮಿಷ ನಿಲ್ಲೋಣ. ಪರಿಚಯವಿಲ್ಲದ ಒಬ್ಬರನ್ನಾದರೂ ಹೆಸರು ಕೇಳಿ ಮಾತನಾಡಿಸೋಣ.