ದಾನಕ್ಕೆ ಮನೆಯವರ ಒಪ್ಪಿಗೆ ಬೇಕೇ?

ಮುಂಬಯಿಯ ಪರೇಲಿನಲ್ಲಿ ಹೋಟೆಲು ನಡೆಸುತ್ತಿದ್ದ ನಮ್ಮ ಸೋದರಮಾವ ತೀರಿಕೊಂಡ ಮೇಲೆ, ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಹಳೆಯ ಉದ್ರಿ ಪುಸ್ತಕವೊಂದು ಸಿಕ್ಕಿತು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ಕಾಲದ್ದು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಸಂಬಳ ನಿಂತಿದ್ದ ದಿನಗಳವು. ಪುಸ್ತಕದ ತುಂಬ ಊಟದ ಲೆಕ್ಕ, ಆದರೆ ಹೆಸರುಗಳಿಲ್ಲ. ‘ಮೀಸೆ’, ‘ಭಜನೆ’, ‘ಸಕ್ಕರೆ ಜಾಸ್ತಿ’ ಎಂಬ ಅಡ್ಡಹೆಸರುಗಳು ಮಾತ್ರ.

ಮಾವನ ತಮಾಷೆಗೆ ನಕ್ಕು ಬೆಳೆದವರು ನಾವು. ಯಾರು ಪುಸ್ತಕ ತೆರೆದರೂ ಸಾಲಗಾರನ ಗುರುತು ಸಿಗಬಾರದೆಂಬುದು ಆ ತಮಾಷೆಯ ಒಳಗಿದ್ದ ಮರ್ಯಾದೆ ಎಂದು ಈಗ ಹೊಳೆಯಿತು.

ಅದೇ ವರ್ಷ, ಅಕ್ಕಿ ಅಂಗಡಿಯ ಬಾಕಿಗಾಗಿ ಅವರು ಅತ್ತೆಯ ಬಳೆಗಳನ್ನು ಹೇಳದೆ ಅಡವಿಟ್ಟಿದ್ದರು. ಮನೆಯವರ ಪಾಲನ್ನೆತ್ತಿ ಪರರಿಗೆ ಬಡಿಸುವ ಹಕ್ಕು ಗೃಹಸ್ಥನಿಗೆ ಇದೆಯೇ? ಕಡತ, ವೋಚರುಗಳ ನಡುವೆ ಬಾಳುವ ನಮಗೆ ಇಲ್ಲವೆನಿಸುತ್ತದೆ. ಹಸಿದವನು ಎದುರಿಗೆ ನಿಂತಾಗ ಆ ಉತ್ತರ ಗಂಟಲಲ್ಲೇ ಉಳಿಯುತ್ತದೆ.

ಅತ್ತೆಯನ್ನೇ ಕೇಳಿದೆವು. “ಕೇಳಿದ್ದರೆ ನಾನೇ ತೆಗೆದು ಕೊಡುತ್ತಿದ್ದೆ. ಕೇಳಲಿಲ್ಲ ಅಂತ ಮಾತ್ರ ಬೇಸರ” ಎಂದರು.

ಊರವರ ಮಾನವನ್ನು ಅಷ್ಟು ಜೋಪಾನ ಮಾಡಿದ ಮಾವ ಮನೆಯಲ್ಲೊಂದು ಮಾತು ಕೇಳಲಿಲ್ಲ. ಕೊಡುವುದನ್ನು ಅವರಿಂದ ಕಲಿಯೋಣ. ಕೇಳಿ ಕೊಡುವುದನ್ನು ಅತ್ತೆಯಿಂದ.