ಅಗ್ಗದ ಕ್ರಯವೂ ಊರಿನ ಮುಖವೂ

ನೆರೆಯವನ ಅಂಗಡಿಯಲ್ಲಿ ಹೆಚ್ಚು ಕ್ರಯಕ್ಕೆ ಸಿಕ್ಕುವ ಸರಕು ದೂರದ ಧನಿಕನ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿದರೆ, ಅಲ್ಲಿ ಕೊಳ್ಳುವದು ತಪ್ಪೋ? ಈ ಪ್ರಶ್ನೆಯು ಅಮೇರಿಕದ ಪಟ್ಟಣಗಳಲ್ಲಿ ಬಹುಕಾಲದಿಂದ ಚರ್ಚಿಸಲ್ಪಡುತ್ತಲಿದೆ. ಪ್ರಿಯ ವಾಚಕರೇ, ಅಲ್ಲಿಯ ಸಂಗತಿಯನ್ನು ನಾವು ಸ್ವಲ್ಪ ವಿಚಾರಿಸೋಣ.

ಒಬ್ಬನೇ ಒಡೆಯನು ಅನೇಕ ಊರುಗಳಲ್ಲಿ ಒಂದೇ ಹೆಸರಿನಿಂದ ನಡಿಸುವ ಅಂಗಡಿಗಳಿಗೆ ಸರಪಣಿ ಅಂಗಡಿಗಳೆಂದು ಹೆಸರು. 1859ರಲ್ಲಿ ನ್ಯೂಯಾರ್ಕಿನಲ್ಲಿ ಚಹದ ವ್ಯಾಪಾರದಿಂದ ಆರಂಭವಾದ ಏ ಆಂಡ್ ಪಿ ಎಂಬ ಕಂಪೆನಿಗೆ 1930ರ ಸುಮಾರಿಗೆ 15,000ಕ್ಕಿಂತ ಹೆಚ್ಚು ಅಂಗಡಿಗಳಿದ್ದವು. ರಾಶಿಯಾಗಿ ಕೊಳ್ಳುವವನಿಗೆ ಸರಕು ಅಗ್ಗವಾಗಿ ದೊರೆಯುವದು. ಆದಕಾರಣ ಅವನು ಅಗ್ಗವಾಗಿ ಮಾರಬಲ್ಲನು. ಅವನೆದುರಿಗೆ ನಿಲ್ಲಲಾರದೆ ಅನೇಕ ಸಣ್ಣ ವರ್ತಕರು ಬಾಗಿಲು ಮುಚ್ಚಿದರು. ಇಂಡಿಯಾನ ಸಂಸ್ಥಾನವು 1929ರಲ್ಲಿ ಅಂಗಡಿಗಳ ಲೆಕ್ಕಕ್ಕೆ ತಕ್ಕಂತೆ ಏರುವ ತೆರಿಗೆಯನ್ನು ಹಾಕಿತು; 1931ರಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಸ್ಥಾನವು ಅದನ್ನು ನ್ಯಾಯವೆಂದಿತು. ಆದಾಗ್ಯೂ ಸರಪಣಿಯು ಉದ್ದವಾಗುತ್ತಲೇ ಹೋಯಿತು.

ಇದರಿಂದಾದ ನಷ್ಟವು ಹಣದ್ದು ಮಾತ್ರವಲ್ಲ. ಊರಿನ ವರ್ತಕನು ಗಿರಾಕಿಯ ಮನೆಯವರನ್ನು ಬಲ್ಲನು. ಕಷ್ಟಕಾಲದಲ್ಲಿ ಸಾಲ ಕೊಡುವನು. ಅವನ ಲಾಭವು ಬಹುಮಟ್ಟಿಗೆ ಅದೇ ಬೀದಿಯಲ್ಲಿ ವೆಚ್ಚವಾಗುವದು. ಅವನು ಹೋದ ಮೇಲೆ ಬೀದಿಗಳೆಲ್ಲಾ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಾಗಿ, ಪ್ರಯಾಣಿಕನಿಗೆ ತಾನು ಯಾವ ಪಟ್ಟಣದಲ್ಲಿದ್ದೇನೆಂಬದೇ ತಿಳಿಯದು.

ಆದರೆ ಮತ್ತೊಂದು ಪಕ್ಕವನ್ನೂ ನೋಡತಕ್ಕದ್ದು. ಉಳಿದ ನಾಲ್ಕು ಸೆಂಟುಗಳು ಬಡ ತಾಯಿಗೆ ಮಗುವಿನ ಹಾಲಾಗಬಹುದು. ಇದಲ್ಲದೆ, ದಕ್ಷಿಣ ಸಂಸ್ಥಾನಗಳಲ್ಲಿ ಊರ ವರ್ತಕರು ಅನೇಕರು ಕರಿಯ ಜನರನ್ನು, ಬಿಳಿಯರೆಲ್ಲರು ಕೊಂಡು ಹೋಗುವ ತನಕ ನಿಲ್ಲಿಸುತ್ತಿದ್ದರು. ಸಾಲದ ಹಗ್ಗದಿಂದ ಕಟ್ಟಿಹಾಕುತ್ತಿದ್ದರು. ಸಿಯರ್ಸ್ ಎಂಬ ದೊಡ್ಡ ಕಂಪೆನಿಯ ಪಟ್ಟಿ ನೋಡಿ ಟಪಾಲಿನಿಂದ ತರಿಸಿದವರಿಗೆ ಬಿಳಿಯರಿಗಿದ್ದ ಕ್ರಯವೇ ಇತ್ತು, ಅವಮಾನವಿರಲಿಲ್ಲ. ಹತ್ತಿರವಿರುವವನೆಲ್ಲಾ ನೆರೆಯವನಲ್ಲವೆಂಬದು ಇದರಿಂದ ತಿಳಿಯುವದು.

ಹಾಗಾದರೆ ಊರಿನ ಮುಖವನ್ನು ಉಳಿಸುವವರಾರು? ಟೆಕ್ಸಾಸಿನ ಆಸ್ಟಿನ್ ಪಟ್ಟಣದಲ್ಲಿ ಒಂದು ಪುಸ್ತಕದಂಗಡಿಯೂ ಒಂದು ಸಂಗೀತ ಮುದ್ರಿಕೆಗಳ ಅಂಗಡಿಯೂ ಇದ್ದವು. ಅವುಗಳ ಎದುರಿಗೇ ಬಾರ್ಡರ್ಸ್ ಎಂಬ ಸರಪಣಿಯ ಅಂಗಡಿ ಬರುವದೆಂದಾಗ, ಆಸ್ಟಿನ್ ತನ್ನ ವಿಚಿತ್ರ ರೀತಿಯಲ್ಲಿಯೇ ಇರಲೆಂಬ ಮಾತನ್ನು ಊರವರು ಎಲ್ಲೆಲ್ಲಿಯೂ ಹರಡಿದರು. 2003ರಲ್ಲಿ ಬಾರ್ಡರ್ಸಿನವರು ಆ ಯೋಚನೆಯನ್ನು ಬಿಟ್ಟರು. ಆ ಕಂಪೆನಿಯೇ 2011ರಲ್ಲಿ ಮುಚ್ಚಿಹೋಯಿತು. ಏ ಆಂಡ್ ಪಿಯ ಅಂಗಡಿಗಳೂ 2015ರಲ್ಲಿ ಅಂತ್ಯ ಕಂಡವು. ಬೃಹತ್ತಾದದ್ದೆಲ್ಲಾ ಶಾಶ್ವತವಲ್ಲ; ಆದರೆ ಅದು ಬೀಳುವಾಗ, ಮೊದಲು ಮುಚ್ಚಿದ ಸಣ್ಣ ಬಾಗಿಲುಗಳು ತಾವಾಗಿ ತೆರೆಯುವದಿಲ್ಲ.

ಆದದರಿಂದ ನಮ್ಮ ಅಭಿಪ್ರಾಯವೇನಂದರೆ: ಅಗ್ಗವಾಗಿ ಕೊಳ್ಳುವದು ದೋಷವಲ್ಲ, ಬೇರೆ ಗತಿಯಿಲ್ಲದವನಿಗೆ ಈ ವಿಷಯದಲ್ಲಿ ಯಾರೂ ತೀರ್ಪು ಮಾಡಬಾರದು. ಆದರೆ ಚೀಟಿಯ ಮೇಲೆ ಬರೆದ ಕ್ರಯವೇ ಪೂರ್ಣ ಕ್ರಯವೆಂದು ಶಕ್ತನಾದವನು ನಂಬಬಾರದು. ನ್ಯಾಯವಾಗಿ ತೂಗಿ, ಎಲ್ಲರನ್ನೂ ಸಮವಾಗಿ ಕಾಣುವ ಅಂಗಡಿಯು ಹತ್ತಿರದಲ್ಲಿದ್ದರೆ, ಅಲ್ಲಿ ಹೆಚ್ಚಾಗಿ ಕೊಟ್ಟ ಒಂದು ಕಾಸು ವ್ಯರ್ಥವಲ್ಲ. ವರ್ತಕನಾದರೋ, ಊರವನೆಂಬ ಹೆಸರಿನಿಂದಲ್ಲ, ನೆರೆಯವನಿಗೆ ತಕ್ಕ ನಡತೆಯಿಂದಲೇ ಆ ಕಾಸನ್ನು ಸಂಪಾದಿಸಲಿ.