ಪೈಸಾ ವಸೂಲ್

ಕಳೆದ ದೀಪಾವಳಿ ರಜೆಯಲ್ಲಿ ಕುಂದಾಪುರದ ಕಡೆಯಿಂದ ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗಳು, ಇಬ್ಬರು ಮೊಮ್ಮಕ್ಕಳು ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದರು. ಮೂರು ದಿನ. ಊರಿನವರಿಗೆ ಮುಂಬಯಿ ತೋರಿಸುವುದೆಂದರೆ ನಮ್ಮಂಥವರಿಗೆ ಖುಷಿಯೂ ಹೌದು, ಪರೀಕ್ಷೆಯೂ ಹೌದು. ಮಕ್ಕಳಿಗೆ ಬೇಕಾದದ್ದು ರೈಡ್ ಇರುವ ಪಾರ್ಕ್. 2013ರಲ್ಲಿ ಖೋಪೋಲಿ ಹತ್ತಿರ ಶುರುವಾದ ಇಮ್ಯಾಜಿಕಾದ ವಿಡಿಯೋಗಳನ್ನು ಅವರು ಊರಿನಲ್ಲೇ ನೋಡಿಕೊಂಡು ಬಂದಿದ್ದರು. ಏಳು ಜನರ ಟಿಕೆಟ್ಟು, ಗಾಡಿ, ಊಟ ಎಲ್ಲ ಕೂಡಿಸಿ ನೋಡಿದೆ. ಫೋನು ಮಡಚಿಟ್ಟು, ನೆರೂಲಿನ ವಂಡರ್ಸ್ ಪಾರ್ಕಿಗೆ ಹೋಗೋಣ ಎಂದೆ. ನವಿಮುಂಬಯಿ ಪಾಲಿಕೆಯ ಪಾರ್ಕು ಅದು. ತಾಜ್ ಮಹಲಿನಿಂದ ಹಿಡಿದು ಜಗತ್ತಿನ ಏಳು ಅದ್ಭುತಗಳ ಚಿಕ್ಕ ಚಿಕ್ಕ ಪ್ರತಿಕೃತಿಗಳಿವೆ, ಮಕ್ಕಳ ರೈಲಿದೆ. ಚಿಕ್ಕಮ್ಮನಿಗೆ ಒಂದೇ ಸಂಜೆಯಲ್ಲಿ ಆಗ್ರಾ, ರೋಮ್ ಎರಡೂ ಆದವು.

ಆ ದಿನದ ಲೆಕ್ಕಕ್ಕೆ ನಾನು ಎಕ್ಸೆಲ್ ಶೀಟನ್ನೇ ಮಾಡಿದ್ದೆ. ನಗಬೇಡಿ, ನಿಮ್ಮಲ್ಲಿ ಅರ್ಧ ಜನ ಮಾಡಿರುತ್ತೀರಿ. ನೆರೂಲಿನಿಂದ ಥಾಣೆಗೆ ನೇರ ಲೋಕಲ್. ತಲಾವ್ ಪಾಳಿಯ ದಡದಲ್ಲಿ ಒಂದು ಸುತ್ತು, ಮಕ್ಕಳಿಗೆ ದೋಣಿ, ಕೌಪೀನೇಶ್ವರನಿಗೆ ಹೊರಗಿನಿಂದಲೇ ಒಂದು ಕೈಮುಗಿತ. ಊಟ ಮಾತ್ರ ಥಾಣೆಯಲ್ಲಿ ಬೇಡ, ಡೊಂಬಿವಲಿ ಸ್ಟೇಷನ್ ಹತ್ತಿರದ ನಮ್ಮ ಖಾಯಂ ಹೋಟೆಲಿನಲ್ಲಿ. ಅಲ್ಲಿ ರೈಸ್ ಪ್ಲೇಟಿಗೆ ನಲವತ್ತು ರೂಪಾಯಿ ಕಡಿಮೆ. ಏಳು ಜನರಿಗೆ ಇನ್ನೂರ ಎಂಬತ್ತು ಉಳಿಯಿತು. ಮುಂಬಯಿಯಲ್ಲಿ ಇದಕ್ಕೆ ಒಂದು ಒಳ್ಳೆಯ ಮಾತಿದೆ, ಪೈಸಾ ವಸೂಲ್. ಕೊಟ್ಟ ದುಡ್ಡು ಬಡ್ಡಿ ಸಮೇತ ಹಿಂದೆ ಬಂತು ಎಂಬ ತೃಪ್ತಿ.

ದೋಣಿಗೆ ಸಾಲು ದೊಡ್ಡದಿತ್ತು. ಥಾಣೆಯಲ್ಲಿ ಎರಡು ಲೋಕಲ್ ಹತ್ತಲಾಗದೆ ಬಿಟ್ಟೆವು. ಹೋಟೆಲಿನ ಬಾಗಿಲಿಗೆ ಬಂದಾಗ ರಾತ್ರಿ ಹನ್ನೊಂದು ಕಾಲು. ಒಳಗೆ ಕುರ್ಚಿಗಳನ್ನು ಟೇಬಲ್ಲಿನ ಮೇಲೆ ಮಗುಚಿಡುತ್ತಿದ್ದರು. ಗಲ್ಲಾದಲ್ಲಿದ್ದವರು ‘ಕಿಚನ್ ಬಂದ್ ಆಯ್ತು’ ಎಂದರು. ನಾನು ಬಾಗಿಲ ಮೇಲಿನ ಬೋರ್ಡಿನತ್ತ ಬೆರಳು ತೋರಿಸಿದೆ. ಹನ್ನೊಂದೂವರೆಯವರೆಗೆ ಎಂದು ಬರೆದಿತ್ತು. ‘ಇನ್ನೂ ಕಾಲು ಗಂಟೆ ಇದೆಯಲ್ಲ?’ ಎಂದು ಆಫೀಸಿನಲ್ಲಿ ವೆಂಡರುಗಳ ಜೊತೆ ಮಾತಾಡುವ ದನಿಯಲ್ಲಿ ಕೇಳಿದೆ. ಅವರು ಒಳಗೆ ನೋಡಿ ತಲೆಯಾಡಿಸಿದರು. ಟೇಬಲ್ ಹುಡುಗನೊಬ್ಬ ಬಂದು ಏಳು ಕುರ್ಚಿ ಇಳಿಸಿದ, ನೀರಿಟ್ಟ.

ಎಲ್ಲರೂ ಕೂತರು. ಚಿಕ್ಕಪ್ಪ ಕೂರಲಿಲ್ಲ.

‘ಏಳಿ, ಮನೆಗೆ ಹೋಪ. ಮೊಸರನ್ನ ತಿಂದ್ರಾಯ್ತು’ ಎಂದರು.

ಚಿಕ್ಕಪ್ಪ ಮುಂಬಯಿಗೆ ಬಂದದ್ದು 1974ರಲ್ಲಿ, ಹನ್ನೆರಡನೆಯ ವಯಸ್ಸಿಗೆ. ದಾದರಿನ ಒಂದು ಉಡುಪಿ ಹೋಟೆಲಿನ ಮೋರಿಯಲ್ಲಿ ಪ್ಲೇಟು ತೊಳೆದರು, ಆಮೇಲೆ ಟೇಬಲ್ ಒರೆಸಿದರು, ಆಮೇಲೆ ಸಪ್ಲಯರ್ ಆದರು. ಎರಡು ವರ್ಷ ಕನ್ನಡ ರಾತ್ರಿ ಶಾಲೆಗೆ ಹೋದರು. ‘ನೈಟ್‌ಲೈಫ್ ಅಂದ್ರೆ ನಮ್ಗೆ ಅದೇ, ನೈಟ್ ಸ್ಕೂಲು’ ಎಂದು ಈಗಲೂ ನಗುತ್ತಾರೆ. ಡೊಂಬಿವಲಿಯಲ್ಲೂ ದುಡಿದು 1991ರಲ್ಲಿ ಊರಿಗೆ ಮರಳಿ ಜೀನಸಿ ಅಂಗಡಿ ಇಟ್ಟರು. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂಬ ಆದೇಶ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಷ್ಟರಲ್ಲಿ ಅವರು ಅಜ್ಜ ಆಗುವ ವಯಸ್ಸಿಗೆ ಹತ್ತಿರವಾಗಿದ್ದರು.

ಮನೆಗೆ ನಡೆಯುತ್ತಾ ಅವರು ಹೇಳಿದ್ದು ಇಷ್ಟು. ಬಂದ್ ಆದ ಅಡುಗೆಮನೆಗೆ ಒಂದು ಆರ್ಡರ್ ಹೋದರೆ ಒಲೆ ಮತ್ತೆ ಹತ್ತಬೇಕು. ತೊಳೆದ ಬಾಣಲೆ ಮತ್ತೆ ಇಳಿಯಬೇಕು, ಒರೆಸಿದ ಕಟ್ಟೆ ಮತ್ತೆ ಜಿಡ್ಡಾಗಬೇಕು. ಹುಡುಗರು ಮಲಗುವುದು ಅಲ್ಲೇ, ಟೇಬಲ್‌ಗಳನ್ನು ಜೋಡಿಸಿ. ಗಿರಾಕಿ ಎದ್ದು ಹೋಗುವವರೆಗೆ ಹಾಸಿಗೆಯೇ ಇಲ್ಲ. ‘ನೀನು ಕೂತದ್ದು ಒಬ್ಬನ ಹಾಸಿಗೆ ಮೇಲೆ ಮಾರಾಯ.’ ಬೆಳಿಗ್ಗೆ ನಾಲ್ಕೂವರೆಗೆ ಹಾಲಿನವನು ಶಟರ್ ಬಡಿಯುತ್ತಾನೆ.

ಇಷ್ಟೇ ಆಗಿದ್ದರೆ ನಾನು ನಾಚಿಕೊಂಡು ಸುಮ್ಮನಾಗುತ್ತಿದ್ದೆ, ಈ ಬರಹವೂ ಇರುತ್ತಿರಲಿಲ್ಲ. ಆದರೆ ನಾವು ಎದ್ದಾಗ ಆ ಹುಡುಗ ಬಾಗಿಲವರೆಗೆ ಓಡಿ ಬಂದಿದ್ದ. ಒಡಿಶಾದವನು. ಚಿಕ್ಕಪ್ಪ ಅಭ್ಯಾಸಬಲದಿಂದ ಅವನ ಹತ್ತಿರ ಕನ್ನಡದಲ್ಲಿ ಮಾತಾಡಿದ್ದರು. ಈಗ ಉಡುಪಿ ಹೋಟೆಲುಗಳಲ್ಲಿ ಕರಾವಳಿಯ ಹುಡುಗರು ಸಿಗುವುದು ಅಪರೂಪ ಎಂಬುದು ಅವರಿಗೆ ಆಗಲೇ ಗೊತ್ತಾದದ್ದು. ‘ಬೈಠೋ ನಾ ಕಾಕಾ, ಹೋ ಜಾಯೇಗಾ’ ಎಂದ ಹುಡುಗ. ಚಿಕ್ಕಪ್ಪ ಅವನ ಹೆಗಲು ತಟ್ಟಿ ಹೊರಗೆ ಬಂದರು. ಅವನ ಮುಖ ನಾನು ನೋಡಿದೆ. ಏಳು ಜನರ ಟೇಬಲ್, ಊರಿನಿಂದ ಬಂದ ನೆಂಟರು, ರಜೆಯ ರಾತ್ರಿ. ಇಂಥ ಟೇಬಲ್ಲಿನಿಂದ ಟಿಪ್ಸ್ ಬಂದೇ ಬರುತ್ತದೆ. ನಿದ್ದೆ ಕೊಟ್ಟು ದುಡ್ಡು ತೆಗೆದುಕೊಳ್ಳಲು ಅವನು ತಯಾರಿದ್ದ. ಚಿಕ್ಕಪ್ಪನ ಕರುಣೆ ಅವನ ಜೇಬಿನಿಂದ ಖರ್ಚಾಯಿತು.

ಹಾಗಾದರೆ ಸರಿ ಯಾವುದು? ಕೂರುವುದೇ, ಏಳುವುದೇ?

ಇದಕ್ಕೆ ಕಾನೂನಿನ ಉತ್ತರ ಸುಲಭ. ಮಹಾರಾಷ್ಟ್ರದ 2017ರ ಅಂಗಡಿ-ಸಂಸ್ಥೆಗಳ ಕಾಯ್ದೆ ಬಂದಾಗ, ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ಜೊತೆಗೆ ಅಂಗಡಿಗಳು ಹಗಲಿರುಳು ತೆರೆದಿರಲೂ ದಾರಿ ಮಾಡಿಕೊಟ್ಟಿತು. 2020ರ ಜನವರಿಯಲ್ಲಿ ಮುಂಬಯಿಯ ಮಾಲ್‌ಗಳು, ಅಲ್ಲಿನ ಖಾನಾವಳಿಗಳು ರಾತ್ರಿಯಿಡೀ ತೆರೆದಿರಬಹುದು ಎಂದು ಸರಕಾರ ಒಪ್ಪಿದಾಗ, ಬೇರೆ ಪಾಳಿಗೆ ಬೇರೆ ಜನ ಬರುತ್ತಾರೆ, ಕೆಲಸ ಹೆಚ್ಚುತ್ತದೆ ಎಂಬ ವಾದ ನನಗೂ ಹಿಡಿಸಿತ್ತು. ಗಿರಾಕಿಗೆ ಬೋರ್ಡಿನ ಸಮಯ, ಕೆಲಸಗಾರನಿಗೆ ಕಾಯ್ದೆಯ ಸಮಯ, ನಡುವೆ ಧಣಿಯ ಜವಾಬ್ದಾರಿ. ಕಾಗದದ ಮೇಲೆ ಯಾರಿಗೂ ಯಾರ ಹಂಗಿಲ್ಲ. ಆದರೆ ಟೇಬಲ್ ಮೇಲೆ ಮಲಗುವವನ ಒಂಬತ್ತು ಗಂಟೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ?

ಅಗ್ಗದ ಊಟವನ್ನು ಬೈಯಲು ನನಗೆ ಬಾಯಿಲ್ಲ. ಕೆಲಸ ಹುಡುಕುತ್ತಿದ್ದ ವರ್ಷ ನಾನು ಬದುಕಿದ್ದೇ ರೈಸ್ ಪ್ಲೇಟಿನಿಂದ. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಶುರುಮಾಡಿದ ಶ್ರೀಕೃಷ್ಣ ಬೋರ್ಡಿಂಗಿನಂಥ ಜಾಗಗಳಲ್ಲಿ ಎಷ್ಟು ಗುಮಾಸ್ತರು, ವಿದ್ಯಾರ್ಥಿಗಳು, ಮನೆಯಿಂದ ದೂರವಾದ ಗಂಡಸರು ಹೊಟ್ಟೆ ತುಂಬಿಸಿಕೊಂಡಿಲ್ಲ! ಬಾಡಿಗೆಗೆ ಅರ್ಧ ಸಂಬಳ ಹೋಗುವ ಊರಿನಲ್ಲಿ ಅಗ್ಗದ ಊಟ ಒಂದು ಬಗೆಯ ನ್ಯಾಯವೇ. ಆದರೆ ಆ ಅಗ್ಗ ಬರುತ್ತಿದ್ದುದು ಎಲ್ಲಿಂದ ಎಂದು ಚಿಕ್ಕಪ್ಪನನ್ನು ಕೇಳಿದರೆ ಅವರ ಲೆಕ್ಕ ಬೇರೆ. ಸಂಬಳ ಕಡಿಮೆ, ಊಟ ಪುಕ್ಕಟೆ, ಮಲಗಲು ಜಾಗ ಪುಕ್ಕಟೆ. ಆ ಪುಕ್ಕಟೆ ಜಾಗದ ಕಾರಣಕ್ಕೇ ಹುಡುಗ ಹಗಲೂ ರಾತ್ರಿಯೂ ಕೈಗೆ ಸಿಗುವಂತಿದ್ದ. ಒಬ್ಬ ಬಡವನ ರೈಸ್ ಪ್ಲೇಟಿಗೆ ಸಬ್ಸಿಡಿ ಕೊಟ್ಟದ್ದು ಇನ್ನೊಬ್ಬ ಬಡವನ ನಿದ್ದೆ. ‘ವಸೂಲ್’ ಎಂಬ ಮಾತನ್ನು ನಾವು ಅರ್ಧ ಮಾತ್ರ ಬಳಸುತ್ತೇವೆ. ವಸೂಲಿ ಎಂದ ಮೇಲೆ ಯಾರಿಂದಲೋ ಆಗಿರಲೇಬೇಕಲ್ಲ?

ಮಗ್ಗದ ಲಾಳಿ ತಾನಾಗಿಯೇ ನೇಯುವಂತಿದ್ದರೆ ಧಣಿಗಳಿಗೆ ಗುಲಾಮರೇ ಬೇಕಿರಲಿಲ್ಲ ಎಂದು ಅರಿಸ್ಟಾಟಲ್ ಹೇಳಿದ್ದಾನೆ. ಅವನ ಊರಿನ ಗಂಡಸರ ಬಿಡುವು ನಿಂತದ್ದು ಯಾರ ಬೆನ್ನಿನ ಮೇಲೆ ಎಂಬುದನ್ನು ಅವನು ಮುಚ್ಚಿಡಲಿಲ್ಲ, ಸರಿ ಎಂದೇ ವಾದಿಸಿದ. ನಾವು ಹಾಗೆ ವಾದಿಸುವುದಿಲ್ಲ, ನೋಡುವುದಿಲ್ಲ ಅಷ್ಟೆ. ಕಂಪನಿ ಪಿಕ್ನಿಕ್ಕಿಗೆ ಹೋದ ಒಂದು ಪಾರ್ಕಿನಲ್ಲಿ, ದೊಡ್ಡ ಗೊಂಬೆಯ ವೇಷ ಹಾಕಿ ಮಕ್ಕಳಿಗೆ ಕೈಕುಲುಕುತ್ತಿದ್ದವನು ಗೋಡೆಯ ಹಿಂದೆ ಹೋಗಿ ತಲೆ ಕಳಚಿ, ಒಂದೇ ಉಸಿರಿಗೆ ಒಂದು ಬಾಟಲಿ ನೀರು ಕುಡಿದದ್ದನ್ನು ನೋಡಿದ್ದೆ. ಥೀಮ್ ಪಾರ್ಕಿನ ಕಸುಬೇ ಅದು, ದುಡಿಮೆ ಕಣ್ಣಿಗೆ ಬೀಳದಂತೆ ಗೋಡೆ ಕಟ್ಟುವುದು. ನೆಂಟರು ಬಂದಾಗ ಇಡೀ ಥಾಣೆ, ಡೊಂಬಿವಲಿ, ನೆರೂಲನ್ನು ನಾನು ಅಂಥದ್ದೇ ಪಾರ್ಕು ಮಾಡಿಕೊಂಡಿದ್ದೆ. ಅಲ್ಲಿಗೆ ನಾನೇ ಗೈಡು. ಚಿಕ್ಕಪ್ಪನಿಗೆ ಮಾತ್ರ ಆ ಗೋಡೆ ಕಾಣುವುದಿಲ್ಲ. ಅಡುಗೆಮನೆಯ ಬಾಗಿಲು ಒಮ್ಮೆ ತೆರೆದು ಮುಚ್ಚಿದರೆ ಒಳಗೆ ಎಷ್ಟು ಜನ, ಎಷ್ಟು ಹೊತ್ತಿನಿಂದ ನಿಂತಿದ್ದಾರೆ ಎಂದು ಹೇಳಬಲ್ಲರು.

ಅವತ್ತು ರಾತ್ರಿ ನಿದ್ದೆ ಬರದೆ ನೆನಪಾದದ್ದು ನನ್ನದೇ ಐರೋಲಿಯ ಆಫೀಸು. ರಾತ್ರಿ ಹನ್ನೊಂದೂವರೆಗೆ, ಅವರ ಮಧ್ಯಾಹ್ನದಲ್ಲಿ, ಅಮೆರಿಕದಿಂದ ಒಬ್ಬರು ‘ಐದು ನಿಮಿಷ ಮಾತಾಡಬಹುದೇ’ ಎಂದು ಕೇಳುತ್ತಾರೆ. ನಾನೂ ‘ಖಂಡಿತ’ ಎನ್ನುತ್ತೇನೆ, ನಗುತ್ತಲೇ. ಆ ನಗುವಿನಲ್ಲಿ ಎಷ್ಟು ಒಪ್ಪಿಗೆ, ಎಷ್ಟು ಅಪ್ರೈಸಲ್ ಎಂದು ಬಿಡಿಸಿ ಹೇಳುವುದು ನನಗೇ ಆಗದು. ಅವರು ಕೇಳದೇ ಇದ್ದರೆ ನನಗೆ ಸಮಾಧಾನವೇ? ಪ್ರಾಜೆಕ್ಟು ಬೇರೆಯವರಿಗೆ ಹೋಯಿತೇನೋ ಎಂಬ ಭಯವೂ ಇರುತ್ತದೆ. ‘ಹೋ ಜಾಯೇಗಾ’ ಎಂದ ಹುಡುಗನನ್ನು ಅಷ್ಟರಮಟ್ಟಿಗೆ ಬಲ್ಲೆ. ಆದರೆ ಹೋಲಿಕೆಯನ್ನು ಎಳೆಯಬಾರದು. ನನಗೆ ಮನೆಯವರೆಗೆ ಕ್ಯಾಬ್ ಇದೆ, ಮಲಗಲು ನನ್ನದೇ ಮಂಚ ಇದೆ.

ಆದ್ದರಿಂದ ಕೂತದ್ದು ತಪ್ಪೋ ಎದ್ದದ್ದು ತಪ್ಪೋ ಎಂಬ ಪ್ರಶ್ನೆಯನ್ನು ನಾನು ಅಲ್ಲೇ ಬಿಟ್ಟಿದ್ದೇನೆ. ಆ ಹೊತ್ತಿಗೆ ಎರಡರಲ್ಲೂ ಅವನಿಗೆ ನಷ್ಟವೇ ಇತ್ತು. ನನ್ನ ತಪ್ಪು ಅದಕ್ಕೂ ಮೊದಲಿನದು, ಎಕ್ಸೆಲ್ ಶೀಟಿನಲ್ಲೇ ಇತ್ತು. ಮಕ್ಕಳ ದಣಿವು, ಕೊನೆಯ ಲೋಕಲ್, ಚಿಕ್ಕಮ್ಮನ ಮಂಡಿನೋವು ಎಲ್ಲಕ್ಕೂ ಅದರಲ್ಲಿ ಒಂದೊಂದು ಸಾಲಿತ್ತು. ನಾವು ಹೋದಾಗ ನಮಗಾಗಿ ಒಲೆ ಹಚ್ಚಬೇಕಾದವನಿಗೆ ಇರಲಿಲ್ಲ. ಥಾಣೆಯಲ್ಲಿ ಒಂಬತ್ತು ಗಂಟೆಗೆ ಉಣ್ಣಬಹುದಿತ್ತು, ಇನ್ನೂರ ಎಂಬತ್ತು ರೂಪಾಯಿಗೆ ಆಸೆ ಬಿದ್ದೆ. ಇದಕ್ಕೂ ಚಿಕ್ಕಪ್ಪ ಒಪ್ಪಲಿಲ್ಲ. ‘ಅಷ್ಟೆಲ್ಲ ಯೋಚ್ನೆ ಮಾಡಿದ್ರೆ ಹೋಟ್ಲಿಗೇ ಹೋಪುಕಾತಿಲ್ಲೆ’ ಎಂದರು.

ಮರುದಿನ ಅವರನ್ನು ಮತ್ಸ್ಯಗಂಧಕ್ಕೆ ಹತ್ತಿಸಲು ಥಾಣೆಗೆ ಹೋಗಿದ್ದೆ. ರೈಲು ಬರುವ ಮುಂಚೆ ಚಿಕ್ಕಪ್ಪ ಇನ್ನೂರರ ಒಂದು ನೋಟು ನನ್ನ ಕೈಯಲ್ಲಿಟ್ಟು, ‘ಆ ಮಾಣಿಗೆ ಕೊಡು’ ಎಂದರು. ನೋಟು ಮೂರು ವಾರ ನನ್ನ ಪರ್ಸಿನಲ್ಲಿತ್ತು. ಒಂದು ಶನಿವಾರ ರಾತ್ರಿ ಎಂಟು ಗಂಟೆಗೆ ಹೋಗಿ ಅವನ ಟೇಬಲ್ಲನ್ನೇ ಹುಡುಕಿ ಕೂತೆ. ಅವನಿಗೆ ನನ್ನ ನೆನಪಿರಲಿಲ್ಲ. ‘ಕೌನ್ ಸಾ ಕಾಕಾ?’ ಎಂದ. ನಾನು ಹೇಳಿದ್ದನ್ನು ಅರ್ಧ ಕೇಳಿ, ನಕ್ಕು, ನೋಟನ್ನು ಗಲ್ಲಾದ ಪಕ್ಕದ ಟಿಪ್ಸ್ ಡಬ್ಬಿಗೆ ಹಾಕಿ, ಪಕ್ಕದ ಟೇಬಲ್ಲಿಗೆ ಸಾಂಬಾರ್ ಒಯ್ದ. ಡಬ್ಬಿಯದು ಮೋರಿಯವನಿಗೂ ಸೇರಿ ಎಲ್ಲರಿಗೂ ಪಾಲು.

ಉಂಡಾದ ಮೇಲೆ ಬಿಲ್ ಬಂತು. ರೈಸ್ ಪ್ಲೇಟು ಹತ್ತು ರೂಪಾಯಿ ಏರಿತ್ತು. ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ.